ನೇರಲಗೋಡಿನಲ್ಲಿ ಜನ ಇದ್ದರು

ಸಾಗರ
೭ ನವೆಂಬರ್ ೧೯೬೮

ಪ್ರಿಯ ಮುಕುಂದಯ್ಯನವರಿಗೆ,

ಸಾಗರದಿಂದ ಮಂಜುನಾಥಪ್ಪನ ನಮಸ್ಕಾರ. ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಕ್ಷೇಮಸಮಾಚಾರ ಇಷ್ಟಕ್ಕೇ ನಿಲ್ಲಿಸುತ್ತೇನೆ, ಏಕೆಂದರೆ ಈ ಸಲ ನಾನು ಬರೆಯುತ್ತಿರುವುದು ಸಿಟ್ಟಿನಿಂದ.

ಕಳೆದ ಭಾನುವಾರ, ನವೆಂಬರ್ ಮೂರರ ಬೆಳಿಗ್ಗೆ, ನಮ್ಮ ತುಂಗಾ–ಶರಾವತಿ ಹವ್ಯಾಸಿ ರೇಡಿಯೋ ಕೂಟದ ವಾರ್ತೆ ಓದುತ್ತಾ ನೀವು ನನ್ನ ಊರಿನಲ್ಲಿ ಜನರೇ ಇರಲಿಲ್ಲ ಎಂದು ಲೋಕಕ್ಕೆ ಹೇಳಿದಿರಿ. ನಿಮ್ಮ ಇಂಗ್ಲಿಷನ್ನು ಕನ್ನಡಕ್ಕೆ ತಂದರೆ ಅದು ಹೀಗಿದೆ: ‘ಶರಾವತಿಯ ಹೊಸ ಜಲಾಶಯ ಹರಡಿಕೊಂಡಿರುವುದು ಜನವಸತಿಯಿಲ್ಲದ ಕಾಡುಕಣಿವೆಯಲ್ಲಿ.’

ನಾನು ಬರೆದುಕೊಟ್ಟದ್ದು ಇದಲ್ಲ. ರಾಜ್ಯೋತ್ಸವದ ವಾರವೆಂದು ನಮ್ಮ ಮೈಸೂರು ರಾಜ್ಯದ ವಿಶೇಷಗಳನ್ನು ಬರೆದುಕೊಡಲು ನೀವೇ ನನಗೆ ಹೇಳಿದ್ದಿರಿ. ಸಾರ್ವಜನಿಕ ವಾಚನಾಲಯದಲ್ಲಿ ಕೂತು, ಹಳೆಯ ಗೆಝೆಟಿಯರು ತಿರುವಿಹಾಕಿ, ಒಪ್ಪವಾಗಿ ಬರೆದು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿದ್ದೆ. ಉಳಿದದ್ದನ್ನೆಲ್ಲ ನೀವು ಒಂದಕ್ಷರ ಬಿಡದೆ ಓದಿದಿರಿ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಓಡಿದ ಕಥೆ ಓದಿದಿರಿ. ಆಗುಂಬೆಯ ಮಳೆ, ಇಕ್ಕೇರಿಯ ಅಘೋರೇಶ್ವರ, ಅಲ್ಲಿ ಆಳಿದವರ ಹೆಸರಿನ ವರಹ ನಾಣ್ಯ, ಎಲ್ಲ ಓದಿದಿರಿ. ಹಿರೇಭಾಸ್ಕರದ ಹಳೆಯ ಅಣೆಕಟ್ಟೆಯೇ ಹೊಸ ಅಣೆಕಟ್ಟೆಯ ನೀರಿನಲ್ಲಿ ಮುಳುಗಿದೆ ಎಂಬ ವಿಚಿತ್ರವನ್ನು ಓದುವಾಗ ನಿಮ್ಮ ದನಿಯಲ್ಲಿ ನಗು ಇತ್ತು. ಅದರ ಮುಂದಿನ ಸಾಲು ನೇರಲಗೋಡಿನದು. ‘ಈ ನೀರಿನಡಿ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಊರುಗಳಿವೆ. ಅವುಗಳಲ್ಲಿ ಒಂದು ನೇರಲಗೋಡು. ಅಲ್ಲಿನ ಹೆಂಗಸರು ಮನೆಯ ಗೋಡೆಗೆ ಬರೆಯುತ್ತಿದ್ದ ಚಿತ್ತಾರ ಸುತ್ತಲಿನ ಸೀಮೆಗೇ ಹೆಸರಾಗಿತ್ತು.’ ಇಷ್ಟೇ ಇದ್ದದ್ದು. ಅಳು ಇರಲಿಲ್ಲ, ದೂರು ಇರಲಿಲ್ಲ. ಅದನ್ನು ತೆಗೆದು ಆ ಜಾಗದಲ್ಲಿ ಕಾಡು ಬೆಳೆಸಿದಿರಿ.

ನಮ್ಮ ಕೂಟದ ಬಗ್ಗೆ ನನಗಿರುವ ಹೆಮ್ಮೆ ನಿಮಗೆ ಗೊತ್ತು. ಗೊತ್ತಿದ್ದೂ ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ನನ್ನ ಸಿಟ್ಟು ಹುಟ್ಟಿದ್ದೇ ಆ ಹೆಮ್ಮೆಯಿಂದ. ಪಟ್ಟಣಗಳಲ್ಲಿ ದೊಡ್ಡ ದೊಡ್ಡವರು ಸೇರಿ ಕ್ಲಬ್ಬು ಕಟ್ಟಿದರೆ ಅದೇನೂ ಆಶ್ಚರ್ಯವಲ್ಲ. ಮೂರು ಮಲೆನಾಡು ತಾಲ್ಲೂಕುಗಳಲ್ಲಿ, ಕರೆಂಟು ಬಂದರೆ ಬಂತು ಹೋದರೆ ಹೋಯಿತು ಎನ್ನುವ ಊರುಗಳಲ್ಲಿ, ಅಡಿಕೆ ಮರದ ದಬ್ಬೆಗೆ ಏರಿಯಲ್ ಕಟ್ಟಿ, ಲಾರಿಯ ಬ್ಯಾಟರಿಯಿಂದ ಸೆಟ್ಟು ನಡೆಸಿ, ಸಿಲೋನಿನವರು ಜಪಾನಿನವರು ನಮ್ಮನ್ನು ಕೂಗಿ ಮಾತಾಡಿಸುವ ಹಾಗೆ ಮಾಡಿದೆವಲ್ಲ, ಅದು ಆಶ್ಚರ್ಯ. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಗಾಳಿಯಲ್ಲೇ ಸಭೆ ಸೇರುವುದು, ಮೊದಲು ಕೂಟದ ವಾರ್ತೆ, ಆಮೇಲೆ ರಾಜ್ಯದ ವಿಶೇಷ, ಆಮೇಲೆ ಒಬ್ಬೊಬ್ಬರ ಸರದಿ. ಈ ಕ್ರಮವನ್ನು ಕಟ್ಟಿದವರು ನೀವು. ಅದನ್ನು ನಾನು ಯಾರ ಮುಂದೆಯೂ ಅಲ್ಲವೆನ್ನುವುದಿಲ್ಲ.

ನೀವು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ಸುಟ್ಟುಹೋದ ಟ್ರಾನ್ಸ್‌ಫಾರ್ಮರನ್ನು ಕಂಬಳಿಯಲ್ಲಿ ಸುತ್ತಿಕೊಂಡು. ನಾನು ಸೈನ್ಯದ ಸಿಗ್ನಲ್ಸ್ ವಿಭಾಗ ಬಿಟ್ಟುಬಂದು ಸಾಗರದ ಪೇಟೆಯಲ್ಲಿ ರೇಡಿಯೋ ರಿಪೇರಿಗೆ ಕೂತ ಹೊಸತು. ತೀರ್ಥಹಳ್ಳಿಯ ಕಡೆಯ ದೊಡ್ಡ ಮನೆತನದ ಗೌಡರು ಎಂದು ನಾನು ಎದ್ದು ನಿಂತೆ. ನೀವು ಕೂರಲಿಲ್ಲ, ನನ್ನನ್ನೂ ಕೂರಿಸಲಿಲ್ಲ. ಇಬ್ಬರೂ ನಿಂತೇ ಸಂಜೆಯವರೆಗೆ ವಾಲ್ವುಗಳ ಮಾತಾಡಿದೆವು. ಪರೀಕ್ಷೆಗೆ ಕೂರಿ, ಲೈಸೆನ್ಸ್ ತಗೊಳ್ಳಿ, ಮೋರ್ಸ್ ಸಂಕೇತ ಬಲ್ಲವರು ಸುಮ್ಮನಿರಬಾರದು ಎಂದು ಒತ್ತಾಯ ಮಾಡಿದವರು ನೀವು. ಆ ಲೈಸೆನ್ಸ್ ಬಂದಾಗ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ದೇವರ ಪಟದ ಪಕ್ಕ ತೂಗುಹಾಕಿದೆ. ನನ್ನ ಅಪ್ಪ, ಅಜ್ಜ ಗೇಣಿಗೆ ಗದ್ದೆ ಮಾಡಿದವರು. ನಮ್ಮ ಮನೆತನದ ಯಾರ ಹೆಸರನ್ನೂ ಸರ್ಕಾರ ಅಷ್ಟು ದಪ್ಪ ಕಾಗದದ ಮೇಲೆ ಬರೆದಿರಲಿಲ್ಲ.

ಮೊದಲ ದಿನ ನಾನು ಗಾಳಿಯಲ್ಲಿ ನಿಮ್ಮನ್ನು ಗೌಡರೇ ಎಂದೆ. ನೀವು ನಕ್ಕು, ಸೆಟ್ಟು ಆರಿಸಿದ ಮೇಲೆ ಟ್ರಂಕ್ ಕಾಲ್ ಮಾಡಿಸಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

“ಗಾಳೀಲಿ ಗೌಡ್ರು ಇಲ್ಲ ಮಾರಾಯ್ರೆ. ಅಲ್ಲಿ ನಾನು ಮುಕುಂದ, ನೀವು ಮಂಜು. ಲೋಕಕ್ಕೆಲ್ಲ ಅದೇ ಪದ್ಧತಿ.”

ಪದ್ಧತಿ ಹೌದು. ಹವ್ಯಾಸಿಗಳಲ್ಲಿ ರಾಜನಿದ್ದರೂ ಬರಿಯ ಹೆಸರೇ. ಆದರೆ ಅದನ್ನು ಮೊದಲ ಸಲ ಕೇಳಿದ ನನ್ನ ಅವ್ವ ಗುತ್ಯಮ್ಮ ಗಾಬರಿಯಾಗಿ ಬಾಗಿಲು ಹಾಕಿ ಬಂದಿದ್ದಳು. ಗೌಡ್ರನ್ನ ಹೆಸ್ರು ಹಿಡ್ದು ಕರೀತೀಯಲ್ಲ, ಯಾರಾದ್ರೂ ಕೇಳಿಸ್ಕಂಡ್ರೆ ಏನಾ ಗತಿ ಎಂದಳು. ಕೇಳಿಸಿಕೊಳ್ಳಲೆಂದೇ ಕರೆಯುವುದು ಎಂದು ನಾನು ಹೇಳಿದ್ದು ಅವಳಿಗೆ ತಿಳಿಯಲು ಬಹಳ ದಿನ ಬೇಕಾಯಿತು. ತಿಳಿದ ಮೇಲೆ ಅವಳಷ್ಟು ಬೀಗಿದವರಿಲ್ಲ. ಮುಳುಗಡೆಯವರಿಗೆ ಸರ್ಕಾರ ಶಿವಮೊಗ್ಗದ ಕಡೆ ಕೊಟ್ಟ ಹೊಸ ಊರಿನಲ್ಲಿ ಅವಳು ನನ್ನ ತಮ್ಮನ ಜೊತೆ ಇದ್ದಾಳೆ. ಅಲ್ಲಿ ಎಲ್ಲರಿಗೂ ಅವಳು ಹೇಳಿಕೊಂಡಿರುವುದು, ತೀರ್ಥಹಳ್ಳಿ ಗೌಡರೂ ತನ್ನ ಮಗನೂ ಗಾಳಿಯಲ್ಲಿ ಸರಿಸಮ ಎಂದು.

ಆ ಅವ್ವನನ್ನು ನಾನು ಕಳೆದ ಭಾನುವಾರಕ್ಕೆ ಸಾಗರಕ್ಕೆ ಕರೆಸಿದ್ದೆ. ಇದು ನಿಮಗೆ ಗೊತ್ತಿಲ್ಲ.

ನಮ್ಮೂರಿನ ಹೆಸರು ಲೋಕಕ್ಕೆಲ್ಲ ಕೇಳುವ ಹಾಗೆ ಹೇಳುತ್ತಾರೆ, ಬಂದು ಕೇಳು ಎಂದು ಕಾಗದ ಹಾಕಿದ್ದೆ. ಅವಳು ಒಬ್ಬಳೇ ಬರಲಿಲ್ಲ. ನೇರಲಗೋಡಿನಲ್ಲಿ ನಮ್ಮ ಪಕ್ಕದ ಮನೆಯವಳಾಗಿದ್ದ ದುಗ್ಗಮ್ಮನನ್ನೂ ಬಸ್ಸು ಹತ್ತಿಸಿಕೊಂಡು ಬಂದಳು. ಇಬ್ಬರೂ ಪೆಟ್ಟಿಗೆಯ ಸೀರೆ ಉಟ್ಟು, ಕೊಬ್ಬರಿ ಎಣ್ಣೆ ಹಚ್ಚಿ ತಲೆ ಬಾಚಿ, ಮದುವೆ ಮನೆಯ ಹಾಗೆ ಸೆಟ್ಟಿನ ಮುಂದೆ ಕೂತರು. ಅವರಿಗೆ ಇಂಗ್ಲಿಷು ಬಾರದು. ಆದರೆ ಊರುಗಳ ಹೆಸರು ಯಾವ ಭಾಷೆಯಲ್ಲೂ ಅದೇ ತಾನೆ. ನೀವು ಓದುತ್ತಿದ್ದ ಹಾಗೆ ಪರಿಚಯದ ಹೆಸರು ಬಂದಾಗಲೆಲ್ಲ ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಿದ್ದರು. ಜೋಗ ಅಂದ್ರು ಕಣೆ. ಇಕ್ಕೇರಿ ಅಂದ್ರು. ಹಿರೇಭಾಸ್ಕರ ಬಂತು ನೋಡು, ಇನ್ನು ನಮ್ದೇ. ಶರಾವತಿ ಎಂದು ನೀವು ಹೇಳಿದಾಗ ದುಗ್ಗಮ್ಮ ಸೆರಗು ಸರಿಮಾಡಿಕೊಂಡಳು, ಕರೆದರೆ ಎದ್ದು ನಿಲ್ಲಬೇಕೇನೋ ಎನ್ನುವ ಹಾಗೆ.

ಆಮೇಲೆ ನೀವು ಆ ವಾಕ್ಯ ಓದಿದಿರಿ. ಅದು ಮುಗಿದು ಧಾರವಾಡದ ಪೇಡಕ್ಕೆ ಹೋದಿರಿ. ಅವರಿಬ್ಬರೂ ಇನ್ನೂ ಕಾಯುತ್ತಿದ್ದರು. ವಾರ್ತೆ ಮುಗಿಯಿತು. ನಾನು ವಾಲ್ಯೂಮ್ ತಗ್ಗಿಸಿದೆ. ಅವ್ವ ನನ್ನ ಮುಖ ನೋಡಿದಳು.

“ಏನಾ ಮಂಜ, ನಮ್ಮೂರಿಗೆ ಇಂಗ್ಲಿಷ್‌ನಾಗೆ ಏನಂತಾರೆ?”

ಇಂಗ್ಲಿಷಿನಲ್ಲೂ ಅದನ್ನೇ ಅನ್ನುತ್ತಾರೆ ಎಂದೆ. ಹಾಗಾದ್ರೆ ಹೇಳ್ಲಿಲ್ಲ ಎಂದಳು. ಇಲ್ಲ ಎಂದೆ. ದುಗ್ಗಮ್ಮನೇ ಸಮಾಧಾನ ಹೇಳಿದಳು: ಹೋಗ್ಲಿ ಬಿಡೆ, ಲೋಕ ಅಂದ್ರೆ ದೊಡ್ಡುದು, ಎಷ್ಟು ಅಂತ ಹೇಳ್ತಾರೆ. ನೀವು ಏನು ಹೇಳಿದಿರಿ ಎಂಬುದನ್ನು ನಾನು ಅವರಿಗೆ ಕನ್ನಡದಲ್ಲಿ ತಿಳಿಸಲಿಲ್ಲ. ಅವರಿಬ್ಬರೂ ತಮ್ಮ ಹೆಸರು ಬಿಟ್ಟುಹೋಯಿತು ಎಂದುಕೊಂಡು ಬಸ್ಸು ಹತ್ತಿದರು. ತಾವೇ ಇರಲಿಲ್ಲ ಎಂದು ಹೇಳಿದ್ದು ಅವರಿಗೆ ಗೊತ್ತಿಲ್ಲ.

ನಿಟ್ಟೂರಿನ ವರದಮ್ಮನವರಿಗೆ ಗೊತ್ತಾಯಿತು. ನಮ್ಮ ಕೂಟದ ಏಕೈಕ ಮೇಷ್ಟ್ರಮ್ಮ, ಯಾರಿಗೂ ಹೆದರುವವರಲ್ಲ. ತಮ್ಮ ಸರದಿ ಬಂದಾಗ, ಜಲಾಶಯದ ಸಾಲನ್ನು ಇನ್ನೊಮ್ಮೆ ಓದುತ್ತೀರಾ ಎಂದು ನಿಮ್ಮನ್ನು ಕೇಳಿದರು. ಸಿಗ್ನಲ್ ಸರಿಯಾಗಿ ಕೇಳುತ್ತಿಲ್ಲ, ಹೊತ್ತಾಯಿತು ಎಂದು ನೀವು ಸಭೆ ಮುಗಿಸಿದಿರಿ. ಮುಕುಂದಯ್ಯನವರೇ, ಕೊಡಚಾದ್ರಿಯ ಬುಡದಿಂದ ವರದಮ್ಮನವರ ದನಿ ಆ ದಿನ ವಾಲ್ಯೂಮ್ ತಗ್ಗಿಸಿದ್ದರೂ ನನ್ನ ಸೆಟ್ಟು ಒಡೆದುಹೋಗುವಷ್ಟು ಜೋರಾಗಿ ಬರುತ್ತಿತ್ತು.

ನಿಮಗೆ ಕೇಳಲಿಲ್ಲ ಎಂದರೆ ನಾನು ನಂಬುವುದಾದರೂ ಹೇಗೆ? ಹೋದ ವರ್ಷದ ಮಳೆಗಾಲ ನೆನಪಿಸಿಕೊಳ್ಳಿ. ಅನುಮತಿ ತರಿಸಿಕೊಂಡು ಹಿನ್ನೀರಿನಾಚೆಯ ತುಮರಿಗೆ ಸೆಟ್ಟು ಒಯ್ದು ಪ್ರಯೋಗ ಮಾಡುತ್ತಿದ್ದೆ. ಹಿನ್ನೀರಿನ ಮೇಲೆ ಗಾಳಿ ಎದ್ದು ದಾಟುವುದೇ ನಿಂತಿತ್ತು. ಕೆರಿಯಪ್ಪ ಎಂಬವರ ಮಗಳಿಗೆ ಹೆರಿಗೆ ನೋವು ಶುರುವಾಗಿ, ಸೂಲಗಿತ್ತಿ ತನ್ನ ಕೈಲಾಗದು ಎಂದುಬಿಟ್ಟಳು. ನನ್ನ ಬ್ಯಾಟರಿ ಸಾಯುತ್ತಿತ್ತು. ಕೂಗಿದೆ. ಸಾಗರದಲ್ಲಿ ಯಾರೂ ಸೆಟ್ಟಿನ ಮುಂದೆ ಇರಲಿಲ್ಲ. ಯಾವುದೋ ದೇಶದ ಯಾವುದೋ ಸ್ಟೇಷನ್ನು ನನ್ನ ಅಲೆಯ ಮೇಲೆ ಕೂತು ಗಂಟಲು ಹರಿದುಕೊಳ್ಳುತ್ತಿತ್ತು. ಆ ಗದ್ದಲದ ತಳದಲ್ಲಿ ತೀರ್ಥಹಳ್ಳಿಯಿಂದ ನೀವು ನನ್ನನ್ನು ಹಿಡಿದಿರಿ. ಎಲ್ಲರನ್ನೂ ಸುಮ್ಮನಿರಿಸಿದಿರಿ. ಅರ್ಧಂಬರ್ಧ ಬಂದ ಮಾತುಗಳನ್ನು ಜೋಡಿಸಿ, ಸಾಗರದ ಡಾಕ್ಟರಿಗೆ ಟ್ರಂಕ್ ಕಾಲ್ ಮಾಡಿ, ದೊಡ್ಡ ದೋಣಿ ಬಲ್ಲ ಅಂಬಿಗರನ್ನು ಎಬ್ಬಿಸಿ ಕಳಿಸಿದಿರಿ. ತಾಯಿ, ಮಗು ಇಬ್ಬರೂ ಉಳಿದರು. ಆ ದಿನ ನೀವು ಕೇಳಿದಂತೆ ಕೇಳುವ ಕಿವಿ ಈ ರಾಜ್ಯದಲ್ಲಿ ಇನ್ನೊಂದಿಲ್ಲ ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಈಗಲೂ ಹೇಳುತ್ತೇನೆ.

ನಿನ್ನೆ ನಿಮ್ಮ ಕಾರ್ಡು ಬಂತು. ನಿಮ್ಮ ಕಾರಣ ಓದಿದೆ. ಹವ್ಯಾಸಿ ರೇಡಿಯೋದಲ್ಲಿ ರಾಜಕೀಯ ಮಾತಾಡಬಾರದು, ಮುಳುಗಡೆ ಎಂಬ ಶಬ್ದ ಎತ್ತಿದರೆ ಯಾರಾದರೂ ಮೇಲಿನವರಿಗೆ ಬರೆದಾರು, ಇಡೀ ಕೂಟದ ಲೈಸೆನ್ಸುಗಳು ಹೋಗಬಹುದು, ಆದ್ದರಿಂದ ಯಾರಿಗೂ ನೋವಾಗದ ಹಾಗೆ ಒಂದು ಸಾಲು ಬದಲಾಯಿಸಿದೆ. ತಪ್ಪು ತಿಳಿಯಬೇಡಿ, ತೀರ್ಥಹಳ್ಳಿಗೆ ಬನ್ನಿ, ಊಟ ಮಾಡಿ ಕೂತು ಮಾತಾಡೋಣ ಎಂದಿದ್ದೀರಿ.

ನಿಯಮ ನನಗೂ ಗೊತ್ತು. ರಾಜಕೀಯ, ಮತ, ವ್ಯಾಪಾರ, ಈ ಮೂರೂ ನಮ್ಮ ಗಾಳಿಯಲ್ಲಿ ಕೂಡದು. ಆ ನಿಯಮವನ್ನು ನಾನು ಗೌರವಿಸುತ್ತೇನೆ. ಆದರೆ ಒಂದು ಊರು ಇತ್ತು ಎನ್ನುವುದು ರಾಜಕೀಯ ಹೇಗಾಯಿತು? ಆ ನೀರನ್ನು ನಿಲ್ಲಿಸಿದ್ದು ತಪ್ಪು ಎಂದು ನಾನು ಬರೆದಿದ್ದರೆ ನೀವು ಹೊಡೆದುಹಾಕಬಹುದಿತ್ತು. ನಾನು ಹಾಗೆ ಬರೆದೂ ಇಲ್ಲ, ಅಂದುಕೊಂಡೂ ಇಲ್ಲ. ರಾತ್ರಿ ಭದ್ರಾವತಿಯ ಕಾರ್ಖಾನೆಗೆ, ಬೆಂಗಳೂರಿನ ಬೀದಿಗೆ ಬೆಳಕು ಹೋಗುತ್ತದೆ ಎಂದರೆ ನನಗೂ ಹೆಮ್ಮೆಯೇ. ಆ ಬೆಳಕಿನಲ್ಲಿ ನಮ್ಮ ಪಾಲಿದೆ ಎನ್ನುವುದಕ್ಕೇ ಹೆಮ್ಮೆ. ಜನರೇ ಇರಲಿಲ್ಲ ಎಂದರೆ ಆ ಪಾಲು ಯಾರದು? ಇನ್ನು ರಾಜಕೀಯದ ಮಾತು ಬಂದರೆ, ಇದ್ದವರನ್ನು ಇರಲಿಲ್ಲ ಎನ್ನುವುದೇ ಅದಕ್ಕೆ ಹೆಚ್ಚು ಹತ್ತಿರ.

ನೀವು ನೇರಲಗೋಡನ್ನು ನೋಡಿರಲಿಲ್ಲ. ನೋಡಿದ್ದರೆ ನಿಮ್ಮ ಕೈ ಹಾಗೆ ಬರೆಯುತ್ತಿರಲಿಲ್ಲ ಎಂದು ನಂಬಿ ಒಂದು ಸಂಗತಿ ಹೇಳುತ್ತೇನೆ. ನಾವು ಊರು ಬಿಡುವ ವರ್ಷ. ನೀರು ಕೆಳಗಿನ ಗದ್ದೆಗೆ ಬಂದಾಗಿತ್ತು. ಎಲ್ಲರೂ ಹೆಂಚು ಇಳಿಸುತ್ತಿದ್ದರು, ತೊಲೆ ಬಿಚ್ಚುತ್ತಿದ್ದರು. ನಾನು ಗಾಡಿ ಹೊಡೆಸಿಕೊಂಡು ಹೋಗಿ ನೋಡಿದರೆ ಅವ್ವ ಕೆಮ್ಮಣ್ಣು ಸಾರಿಸಿದ ಜಗಲಿಯ ಗೋಡೆಗೆ ಚಿತ್ತಾರ ಬರೆಯುತ್ತಾ ಕೂತಿದ್ದಾಳೆ. ಅಕ್ಕಿಹಿಟ್ಟಿನ ಬಿಳಿ, ಕೈಯಲ್ಲಿ ಪುಂಡಿನಾರಿನ ಕುಂಚ. ಮದುವೆಗೆ ಬರೆಯುವ ಹಸೆ ಚಿತ್ತಾರ, ಎಳೆಯ ಮೇಲೆ ಎಳೆ, ಒಂದೂ ತಪ್ಪದೆ. ನನಗೆ ರೇಗಿತು. ನಾಳೆ ನೀರು ಪಾಲಾಗುವ ಗೋಡೆಗೆ ಇದೆಲ್ಲ ಯಾಕೆ, ಪಾತ್ರೆ ಕಟ್ಟು ಎಂದು ಗದರಿದೆ. ಅವಳು ಕುಂಚ ಎತ್ತಲಿಲ್ಲ.

“ಬರಾಕಿರೋಳು ಹೊಳೆಯವ್ವ. ಬರೀ ಗೋಡೆ ಮನೀಗೆ ಯಾರಾದ್ರೂ ಕರೀತಾರಾ? ನೀ ಪಾತ್ರೆ ಕಟ್ಟು.”

ಪಾತ್ರೆ ನಾನೇ ಕಟ್ಟಿದೆ. ಅವಳು ಮುಗಿಸಿ, ಕೈ ತೊಳೆದು, ಆ ಗೋಡೆಯ ಮುಂದೆ ದೀಪ ಹಚ್ಚಿಟ್ಟು ಗಾಡಿ ಹತ್ತಿದಳು. ಸುತ್ತಲಿನ ಹೆಂಗಸರು ನೋಡಿ ತಾವೂ ಬರೆದರಂತೆ. ಬರೆದು ಮುಗಿಸಿದ ಗೋಡೆಗಳನ್ನು ಹಾಗೇ ನಿಲ್ಲಿಸಿ ಇಡೀ ಕೇರಿ ಎದ್ದು ಬಂತು. ಲೋಕದಲ್ಲಿ ಎಷ್ಟೋ ಊರುಗಳು ಮುಳುಗಿವೆ, ನಾನು ಓದಿದ್ದೇನೆ. ಬರುವ ನೀರಿಗೆ ಮನೆ ಸಿಂಗರಿಸಿ ಕೊಟ್ಟುಬಂದ ಜನರ ಕಥೆ ನಾನು ಇನ್ನೆಲ್ಲೂ ಓದಿಲ್ಲ. ನಮ್ಮ ರಾಜ್ಯದ ವಿಶೇಷ ಎಂದು ಜಪಾನಿನವರಿಗೆ ಹೇಳಲು ಇದಕ್ಕಿಂತ ದೊಡ್ಡದು ನಿಮ್ಮಲ್ಲಿ ಏನಿದೆ? ಇದನ್ನೆಲ್ಲ ಬರೆದರೆ ಉದ್ದವಾಗುತ್ತದೆ ಎಂದು ನಾನು ಊರಿನ ಹೆಸರು, ಚಿತ್ತಾರದ ಒಂದು ಮಾತು, ಅಷ್ಟಕ್ಕೇ ನಿಲ್ಲಿಸಿದ್ದೆ. ನೀವು ಅದನ್ನೂ ಉಳಿಸಲಿಲ್ಲ.

ಊಟಕ್ಕೆ ಕರೆದಿದ್ದೀರಿ. ನಿಮ್ಮ ಮನೆಯ ಊಟ ನನಗೆ ಹೊಸದಲ್ಲ, ನಾಳೆಗೂ ಬೇಡವೆನ್ನುವುದಿಲ್ಲ. ಆದರೆ ಈ ಮಾತನ್ನು ಎಲೆಯ ಮುಂದೆ ಕೂತು ಮುಗಿಸಲು ನಾನು ಒಪ್ಪುವುದಿಲ್ಲ. ನೀವು ನನ್ನ ಕಿವಿಯಲ್ಲಿ ಹೇಳಿದ ಮಾತಾಗಿದ್ದರೆ ಕಿವಿಯಲ್ಲೇ ಸರಿಮಾಡಬಹುದಿತ್ತು. ನೀವು ಹೇಳಿದ್ದು ಮೂರು ತಾಲ್ಲೂಕು ಕೇಳುವಂತೆ, ಸಮುದ್ರದಾಚೆಯವರು ಕೇಳುವಂತೆ. ಸಾಲದ್ದಕ್ಕೆ ಆ ವಾರ್ತೆಯನ್ನೇ ಸಣ್ಣ ಹಾಳೆಯಾಗಿ ಅಚ್ಚು ಮಾಡಿಸಿ, ಹೊರದೇಶದ ಹವ್ಯಾಸಿಗಳಿಗೆ ಮಾತಾಡಿದ ಗುರುತಿಗೆಂದು ನಾವು ಕಳಿಸುವ ಕಾರ್ಡುಗಳ ಜೊತೆ ಇಡುತ್ತೀರಂತೆ. ಅಂದರೆ ಸಾಗರದ ಪೋಸ್ಟಾಫೀಸಿನಿಂದ ನನ್ನ ಕೈಯಾರೆ, ನನ್ನ ತಾಯಿ ಹುಟ್ಟಿಯೇ ಇಲ್ಲವೆಂಬ ಕಾಗದವನ್ನು ನಾನು ದೇಶದೇಶಕ್ಕೆ ಹಾಕಬೇಕು. ಹಾಕುವುದಿಲ್ಲ.

ನನ್ನ ಬೇಡಿಕೆ ಸಣ್ಣದು. ಮೋರ್ಸ್ ಕಳಿಸುವಾಗ ಕೈ ತಪ್ಪಿದರೆ ನಾವು ಏನು ಮಾಡುತ್ತೇವೆ? ಸಾಲಾಗಿ ಚುಕ್ಕೆಗಳನ್ನು ಬಡಿದು, ತಪ್ಪಾಯಿತು ಎಂದು ಎಲ್ಲರಿಗೂ ತಿಳಿಸಿ, ಆ ಪದವನ್ನೇ ಮತ್ತೆ ಸರಿಯಾಗಿ ಕಳಿಸುತ್ತೇವೆ. ಕಲಿಯುವವನೂ ಹಾಗೇ ಮಾಡುತ್ತಾನೆ, ಮೂವತ್ತು ವರ್ಷ ಪಳಗಿದವನೂ ಹಾಗೇ ಮಾಡುತ್ತಾನೆ. ಅದರಿಂದ ಯಾರ ಮರ್ಯಾದೆಯೂ ಹೋದದ್ದನ್ನು ನಾನು ಕಂಡಿಲ್ಲ. ಬರುವ ಭಾನುವಾರ, ನವೆಂಬರ್ ಹತ್ತರ ಸಭೆಯಲ್ಲಿ, ವಾರ್ತೆ ಶುರುಮಾಡುವ ಮೊದಲು, ನೀವು ಆ ಚುಕ್ಕೆಗಳನ್ನು ಬಡಿಯಬೇಕು. ಹೋದ ವಾರ ಓದಿದ ಸಾಲು ತಪ್ಪು ಎನ್ನಬೇಕು. ನಾನು ಬರೆದುಕೊಟ್ಟ ಸಾಲನ್ನು ಇದ್ದ ಹಾಗೆ ಓದಬೇಕು. ಅಚ್ಚಿಗೂ ಅದೇ ಹೋಗಬೇಕು. ಹಾಗೆ ಮಾಡಲು ಆಗದಿದ್ದರೆ, ನೇರಲಗೋಡಿನಲ್ಲಿ ಜನ ಇರಲಿಲ್ಲ ಎಂದು ಯಾವ ಆಧಾರದಿಂದ ಹೇಳಿದಿರಿ ಎಂಬುದಕ್ಕೆ ಎಲ್ಲ ಸದಸ್ಯರೂ ಕೇಳುವಂತೆ ಗಾಳಿಯಲ್ಲೇ ಉತ್ತರ ಕೊಡಬೇಕು.

ಖಾಸಗಿ ಉತ್ತರ ನನಗೆ ಬೇಡ. ಕಾರ್ಡು ಬೇಡ, ಟ್ರಂಕ್ ಕಾಲ್ ಬೇಡ. ಭಾನುವಾರ ಬೆಳಿಗ್ಗೆ ಸೆಟ್ಟು ಹಚ್ಚಿ ಕೂತಿರುತ್ತೇನೆ.

ಇಂತು, ನಿಮ್ಮ ಸ್ನೇಹವನ್ನೂ ನನ್ನ ಊರನ್ನೂ ಬಿಟ್ಟುಕೊಡದ,
ನೇರಲಗೋಡು ಮಂಜುನಾಥಪ್ಪ

ತಾ.ಕ.: ಅವ್ವನಿಗೆ ಏನೂ ಗೊತ್ತಿಲ್ಲ ಎಂದು ಮೇಲೆ ಬರೆದಿದ್ದೆ. ಪತ್ರ ಮುಗಿಸಿ ಅಂಟಿಸುವಷ್ಟರಲ್ಲಿ ಅವಳು ಮತ್ತೆ ಬಸ್ಸಿಳಿದು ಬಂದಿದ್ದಾಳೆ. ನನ್ನ ಮುಖ ನೋಡಿಯೇ ಏನೋ ಮುಚ್ಚಿಟ್ಟಿದ್ದಾನೆ ಎನ್ನಿಸಿತಂತೆ. ಬಿಡಿಸಿ ಕೇಳಿದಳು, ಹೇಳಿಬಿಟ್ಟೆ. ಅವಳು ಅಳಲಿಲ್ಲ. ಗೌಡ್ರಿಗೆ ಆ ಹೆಸ್ರು ಬಾಯಿಗೆ ಬರ್ದಿದ್ರೆ ನಾನೇ ಹೇಳ್ತೀನಿ, ಆ ಡಬ್ಬಿ ಇತ್ಲಾಗೆ ತಿರುಗ್ಸು ಎಂದಳು. ಲೈಸೆನ್ಸ್ ಇಲ್ಲದವರು ಮೈಕಿನಲ್ಲಿ ಮಾತಾಡಿದರೆ ನನ್ನ ಲೈಸೆನ್ಸ್ ಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಅವಳು ಗೋಡೆಯ ಮೇಲಿನ ಆ ಚೌಕಟ್ಟನ್ನು ಬಹಳ ಹೊತ್ತು ನೋಡಿ, ಹಂಗಾದ್ರೆ ಬ್ಯಾಡ ಮಗಾ ಎಂದಳು. ಲೈಸೆನ್ಸ್ ಹೋದರೆ ಹೋಗಲಿ, ಮೈಕು ಎಲ್ಲಿ ಹಿಡಿಯಬೇಕು ಎಂದು ನಾನೇ ಅವಳಿಗೆ ಕಲಿಸುತ್ತಿದ್ದೇನೆ. ಭಾನುವಾರ ನೀವು ಹೇಳದಿದ್ದರೆ, ನನ್ನ ಸರದಿ ಬಂದಾಗ ನನ್ನ ಸ್ಟೇಷನ್ನಿನಿಂದ ನಿಮಗೆ ಕೇಳುವುದು ನನ್ನ ದನಿ ಅಲ್ಲ. ಅವಳು ಹೇಳುವುದು ಒಂದೇ ಮಾತು, ನೇರಲಗೋಡು. ಅದಕ್ಕೆ ನೀವು ಕೂಟದ ಪರವಾಗಿ ಏನು ಉತ್ತರ ಕೊಡುತ್ತೀರಿ?